ಒಲೆ ಮುಂದೆ ಮತ್ತೆ ನಿಲ್ಲುವ ಮಾತು

ವಡಾಲಾ, ಮುಂಬೈ

ಪ್ರೀತಿಯ ಪುಟ್ಟೀ,

ನಿನ್ನ ಪತ್ರ ಬಂತು. ಟಿವಿಯ ಅಡುಗೆ ಸ್ಪರ್ಧೆ ಮಾಸ್ಟರ್‌ಶೆಫ್ ಇಂಡಿಯಾದ ಆಡಿಷನ್‌ಗೆ ಕರೆ ಬಂದದ್ದು, ಅಳಿಯಂದಿರು ರಜೆ ಹಾಕುವುದು, ಅವರ ಅಮ್ಮ ಮಗುವನ್ನು ನೋಡಿಕೊಳ್ಳುವುದು, ಇದೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯಾಗಿದೆ. ಅದನ್ನು ಮತ್ತೆ ಎತ್ತುವುದಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಕೊನೆಯ ಪುಟದ ಒಂದು ಸಾಲು. ‘ಟಿವಿಯಲ್ಲಿ ಎಲ್ಲರೆದುರು ನನ್ನ ಅಡುಗೆ ಚೆನ್ನಾಗಿಲ್ಲ ಅಂದುಬಿಟ್ಟರೆ, ಆಮೇಲೆ ನನ್ನ ಮನೆ ಒಲೆ ಮುಂದೆ ನಿಲ್ಲೋಕೆ ಮನಸ್ಸು ಬರುತ್ತಾ ಮಾವ?’ ಅಂತ ಕೇಳಿದ್ದೀಯ.

ಬರೀ ಸೋಲುವ ಭಯವಾಗಿದ್ದರೆ ಫೋನಿನಲ್ಲೇ ಎರಡು ಮಾತು ಹೇಳಿ ಮುಗಿಸುತ್ತಿದ್ದೆ. ಇದು ಆ ಭಯ ಅಲ್ಲ. ಇದನ್ನು ನಾನು ಬಲ್ಲೆ. ರಾತ್ರಿ ನಿದ್ದೆ ಹತ್ತಲಿಲ್ಲ, ಬೆಳಿಗ್ಗೆ ಎದ್ದವನೇ ಬರೆಯಲು ಕೂತೆ.

ಏನೂ ಆಗುವುದಿಲ್ಲ, ಧೈರ್ಯವಾಗಿ ಹೋಗು ಅಂತ ಸುಮ್ನೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಆಗುತ್ತದೆ. ಒಂದು ಮಾತಿಗೆ ಕೈ ಕಟ್ಟಿಹೋಗುತ್ತದೆ. ನನ್ನದು ಹಾಗೇ ಆಯಿತು.

ನಾನು ಹೋಟೆಲಿನಲ್ಲಿ ದುಡಿದದ್ದು ನಿಮಗೆಲ್ಲ ಗೊತ್ತು. ಕುಂದಾಪುರದ ಕಡೆಯ ಹುಡುಗರು ಆಗ ಮುಂಬೈಗೆ ಬರುತ್ತಿದ್ದದ್ದೇ ಹೋಟೆಲಿಗೆ. ಹಗಲು ಟೇಬಲ್ ಒರೆಸುವುದು, ರಾತ್ರಿ ಶಾಲೆಗೆ ಹೋಗುವುದು, ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿ ಮಲಗುವುದು. ಕ್ಲೀನರ್ ಆಗಿದ್ದವನು ಭಟ್ಟರ ಕೈಕೆಳಗೆ ತರಕಾರಿ ಹೆಚ್ಚಿದೆ, ತೆಂಗಿನಕಾಯಿ ತುರಿದೆ, ಮಸಾಲೆ ಅರೆದೆ. ಕೊನೆಗೆ ಸಾಂಬಾರಿನ ಕೊಪ್ಪರಿಗೆ ನನ್ನ ಕೈಗೆ ಬಂತು. ಅದು ಬಂದ ದಿನ ನಾನು ಊರಿಗೆ ಕಾರ್ಡ್ ಬರೆದಿದ್ದೆ. ನಿನ್ನ ಅಜ್ಜಿ ಅದನ್ನು ಬಹಳ ಕಾಲ ದೇವರ ಪಟದ ಹಿಂದೆ ಇಟ್ಟುಕೊಂಡಿದ್ದರು.

ಈಗ ಬರೆಯುವುದನ್ನು ಯಾರಿಗೂ ಹೇಳಿಲ್ಲ. ಯಾವ ಹೋಟೆಲು ಅಂತ ಕೇಳಬೇಡ, ಈಗ ಅದು ಇಲ್ಲ. ಒಂದು ಮಧ್ಯಾಹ್ನ, ಊಟದ ಗಿರಾಕಿಗಳು ತುಂಬಿದ ಹೊತ್ತು. ಧಣಿ ಗಲ್ಲಾಪೆಟ್ಟಿಗೆ ಬಿಟ್ಟು ಒಳಗೆ ಬಂದರು. ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು. ಮುಖ ಕಿವಿಚಿದರು. ‘ಇದನ್ನು ನಾಯಿಗೆ ಹಾಕಿದರೆ ಅದೂ ಮೂಸುವುದಿಲ್ಲ’ ಅಂದರು. ಅಷ್ಟೇ ಅಲ್ಲ, ಇಬ್ಬರು ಹುಡುಗರನ್ನು ಕರೆದು ಇಡೀ ಕೊಪ್ಪರಿಗೆಯನ್ನು ಮೋರಿಗೆ ಸುರಿಸಿದರು. ಬೇಳೆ, ನುಗ್ಗೆಕಾಯಿ, ಕುಂಬಳಕಾಯಿ ಹೋಳು ಎಲ್ಲ ಜಾಲರಿಯ ಮೇಲೆ ನಿಂತವು. ಆವಿ ಇನ್ನೂ ಏಳುತ್ತಿತ್ತು. ಅದನ್ನು ಕಾಲಿನಿಂದ ತಳ್ಳಿ ನೀರು ಬಿಡಬೇಕಾಯಿತು, ಆ ಕೆಲಸವೂ ನನ್ನದೇ.

ಹಳೆಯ ಕಪ್ಪು ಹುಣಸೆಹಣ್ಣು ಕಡಿಮೆ ರೇಟಿಗೆ ಸಿಕ್ಕಿತೆಂದು ಮೂಟೆಗಟ್ಟಲೆ ತರಿಸಿದ್ದು ಅವರೇ. ಅದರ ಹುಳಿ ಬೇರೆ, ಒಗರು ಬೇರೆ. ಬೆಲ್ಲ ಎಷ್ಟು ಹಾಕಿದರೂ ಸರಿಹೋಗುತ್ತಿರಲಿಲ್ಲ. ಅದನ್ನು ಹೇಳುವ ಬಾಯಿ ನನಗೆ ಎಲ್ಲಿತ್ತು? ಸಂಜೆ ಮತ್ತೆ ಸಾಂಬಾರು ಇಟ್ಟೆ. ಆಮೇಲೆ ವರ್ಷಗಟ್ಟಲೆ ಇಟ್ಟೆ, ಗಿರಾಕಿಗಳು ಬಟ್ಟಲು ತುಂಬ ಕೇಳಿ ಹಾಕಿಸಿಕೊಂಡರು. ಆದರೆ ಆ ದಿನದಿಂದ ನಾನು ರುಚಿ ನೋಡಿದ್ದು ನನ್ನ ನಾಲಿಗೆಯಿಂದ ಅಲ್ಲ ಪುಟ್ಟೀ, ಧಣಿಯ ಮುಖದಿಂದ. ಅವರು ಏನನ್ನಬಹುದು ಅಂತ ಮೊದಲು ಯೋಚನೆ, ಉಪ್ಪು ಆಮೇಲೆ.

ಮನೆಯಲ್ಲಂತೂ ಒಲೆ ಹತ್ತಿರ ಹೋಗಲೇ ಇಲ್ಲ. ನಿನ್ನ ಅತ್ತೆಗೆ ಒಂದೇ ಆಸೆ ಇತ್ತು. ‘ಊರಿಗೆಲ್ಲ ಬಡಿಸ್ತೀರಿ, ಒಂದು ದಿನ ನನಗೆ ನಿಮ್ಮ ಕೈಯ ಹುರುಳಿ ಸಾರು ಮಾಡಿಹಾಕಿ’ ಅನ್ನುತ್ತಿದ್ದಳು. ರಜೆಯ ದಿನ ಕೇಳುತ್ತಿದ್ದಳು, ಜ್ವರ ಬಂದಾಗ ಕೇಳುತ್ತಿದ್ದಳು. ನಾನು ನಾಳೆ ಅನ್ನುತ್ತಿದ್ದೆ. ಆಯಾಸ ಅನ್ನುತ್ತಿದ್ದೆ. ಆಯಾಸ ಇದ್ದದ್ದೂ ಹೌದು. ಆದರೆ ಒಳಗಿನ ಮಾತೇ ಬೇರೆ. ಅವಳು ಮೊದಲ ತುತ್ತು ಬಾಯಿಗಿಡುವಾಗ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳು ಎಂದೂ ಒಂದು ಕೆಟ್ಟ ಮಾತು ಆಡುವವಳಲ್ಲ, ನಿನಗೇ ಗೊತ್ತಲ್ಲ. ಹಾಗಿದ್ದೂ ಆಗಲಿಲ್ಲ. ಅವಳು ಹೋದ ಮೇಲೆ ಒಬ್ಬನಿಗೇ ಹುರುಳಿ ಬೇಯಿಸಿಕೊಂಡೆ. ಕಟ್ಟು ಬಸಿದು, ಬತ್ತಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಚೆನ್ನಾಗೇ ಆಗಿತ್ತು. ಅದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಅದಕ್ಕೇ ನಿನ್ನ ಸಾಲು ಓದಿ ಗಾಬರಿಯಾದದ್ದು. ಮನಸ್ಸು ಬರುತ್ತಾ ಅಂತ ನೀನು ಮೊದಲೇ ಕೇಳಿಕೊಂಡಿದ್ದೀಯ. ನನಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ, ಕಾಲ ಮಿಂಚಿಹೋಯಿತು.

ಹಾಗಂತ ಹೋಗಬೇಡ ಅನ್ನುತ್ತಿಲ್ಲ. ಬೇಡ ಅನ್ನಬೇಕು ಅಂತ ಒಂದು ಗಳಿಗೆ ಅನ್ನಿಸಿದ್ದು ನಿಜ. ಆಮೇಲೆ ಈ ಕಾರ್ಯಕ್ರಮದಲ್ಲಿ ಬಂದುಹೋದವರನ್ನು ನೆನೆಸಿಕೊಂಡೆ. ನಾನು ಮಾಸ್ಟರ್‌ಶೆಫ್ ಇಂಡಿಯಾವನ್ನು 2010ರ ಮೊದಲ ಸೀಸನ್‌ನಿಂದ ನೋಡುತ್ತಾ ಬಂದವನು. ಆಗ ಲಖನೌದ ಶಾಲೆಯ ಟೀಚರ್ ಪಂಕಜ್ ಭದೌರಿಯಾ ಕೆಲಸವನ್ನೇ ಬಿಟ್ಟು ಬಂದು ಗೆದ್ದರು. ಗೆದ್ದವರ ಮಾತು ಬಿಡು, ಗೆದ್ದವರಿಗೆ ನಿನ್ನ ಭಯ ಇರುವುದಿಲ್ಲ. ನಾನು ನೋಡುವುದು ಬರಿಗೈಯಲ್ಲಿ ವಾಪಸ್ ಹೋದವರನ್ನು.

ನಮ್ಮ ಮಂಗಳೂರಿನ ಹುಡುಗ ಮೊಹಮ್ಮದ್ ಆಶಿಕ್ ಗೊತ್ತಲ್ಲ, ಕುಲುಕ್ಕಿ ಶರಬತ್ತಿನ ಅಂಗಡಿ ಇಟ್ಟಿದ್ದವನು. 2023ರ ಡಿಸೆಂಬರಿನಲ್ಲಿ ಗೆದ್ದ, 25 ಲಕ್ಷ ಬಂತು. ಅದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಹಿಂದಿನ ಸೀಸನ್‌ನಲ್ಲಿ ಅವನು ಬಂದು, ಆಯ್ಕೆಯಾಗದೆ ಮಂಗಳೂರಿಗೆ ವಾಪಸ್ ಹೋಗಿದ್ದ. ನನಗೆ ಬೇಕಾದದ್ದು ಆ ವಾಪಸ್ ಹೋದ ದಿನಗಳು. ಅವನು ಹೋಗಿ ಮತ್ತೆ ಒಲೆ ಹಚ್ಚಿದ, ಇಲ್ಲದಿದ್ದರೆ ಎರಡನೇ ಸಲ ಬರುತ್ತಿದ್ದನಾ?

ಇಲ್ಲೇ ಮುಂಬೈಯ ಗುಜರಾತಿ ಅಜ್ಜಿ ಉರ್ಮಿಲಾ ಆಶರ್ ಇದ್ದರು. ಎಪ್ಪತ್ತೈದು ದಾಟಿದ ಮೇಲೆ ಏಪ್ರನ್ ಕಟ್ಟಿ ನಿಂತವರು. ಹೆತ್ತ ಮಕ್ಕಳನ್ನು ಕಳೆದುಕೊಂಡು, ಮೊಮ್ಮಗನ ಜೊತೆ ತಿಂಡಿ ಮಾಡಿ ಮಾರುತ್ತಿದ್ದರು. ಫೈನಲ್ ತಲುಪಲಿಲ್ಲ. ವಾಪಸ್ ಬಂದು ಮತ್ತೆ ಅದೇ ತಿಂಡಿಯ ಕೆಲಸ ನಡೆಸಿದರು. 2025ರಲ್ಲಿ ತೀರಿಕೊಂಡರು ಅಂತ ಪೇಪರಿನಲ್ಲಿ ಓದಿದಾಗ ನಾನು ಎದ್ದು ದೇವರಿಗೆ ದೀಪ ಹಚ್ಚಿದೆ. ಪರಿಚಯ ಇರಲಿಲ್ಲ, ಆದರೂ ಹಚ್ಚಿದೆ. ಆ ವಯಸ್ಸಿನಲ್ಲಿ ಅವರಿಗೆ ಆದದ್ದು ನನಗೆ ಯಾಕೆ ಆಗಲಿಲ್ಲ ಅಂತ ಬಹಳ ಯೋಚಿಸಿದ್ದೇನೆ. ನನಗೆ ತೋಚಿದ್ದು ಇಷ್ಟು. ಅವರ ಅಡುಗೆಯನ್ನು ದಿನಾ ಚಪ್ಪರಿಸಿ ತಿನ್ನುವ ಒಬ್ಬ ಮೊಮ್ಮಗ ಮನೆಯಲ್ಲಿದ್ದ. ಜಡ್ಜ್ ಏನೇ ಅನ್ನಲಿ, ಆ ಬಾಯಿ ಅವರಿಗೆ ಇತ್ತು. ನನಗೂ ಇತ್ತು, ನಾನೇ ಬಡಿಸಲಿಲ್ಲ.

ನಿನಗೆ ಬಡಿಸುವವರಿದ್ದಾರೆ. ಮಗು ಇದೆ.

‘ನನ್ನದು ತೀರಾ ಮನೆ ಅಡುಗೆ, ತಂಬುಳಿ, ಗಂಜಿ, ಇದನ್ನು ಅಲ್ಲಿ ಇಟ್ಟರೆ ನಗುತ್ತಾರೇನೋ’ ಅಂತಲೂ ಬರೆದಿದ್ದೀಯ. ನಗುವುದಿಲ್ಲ. ಆಸ್ಟ್ರೇಲಿಯಾದ ಮಾಸ್ಟರ್‌ಶೆಫ್‌ನಲ್ಲಿ 2021ರಲ್ಲಿ ಕಿಶ್ವರ್ ಚೌಧರಿ ಅನ್ನುವ ಬಂಗಾಳಿ ಮೂಲದ ಹೆಣ್ಣುಮಗಳು ಫೈನಲ್‌ನಲ್ಲಿ ಇಟ್ಟದ್ದು ಪಂತಾ ಭಾತ್. ಅಂದರೆ ಏನು? ರಾತ್ರಿ ನೀರು ಹಾಕಿಟ್ಟ ಅನ್ನ. ನಮ್ಮ ತಂಗಳನ್ನ. ಪಕ್ಕದಲ್ಲಿ ಆಲೂಗಡ್ಡೆ ಭರ್ತಾ, ಮೀನು. ಮೂರನೇ ಸ್ಥಾನ ಬಂತು. ಗದ್ದೆಗೆ ಹೋಗುವವರು ಬೆಳಿಗ್ಗೆ ಉಂಡು ಹೋಗುವ ಅನ್ನವನ್ನು ಜಡ್ಜ್‌ಗಳು ತಲೆತಗ್ಗಿಸಿ ಉಂಡರು. ಅದನ್ನು ನೋಡಿದ ದಿನ ನನಗೆ ನಿನ್ನ ಅಜ್ಜಿಯ ನೆನಪು ಬಹಳ ಕಾಡಿತು. ಅವರ ಇಡೀ ಅಡುಗೆ ಅದೇ ಜಾತಿಯದು.

ಆದ್ದರಿಂದ ಒಂದೆಲಗದ ತಂಬುಳಿಯನ್ನೇ ಇಡು. ಮೊದಲ ಸುತ್ತಿಗೆ ಮನೆಯಲ್ಲೇ ಮಾಡಿ ತರಬೇಕು, ಅಲ್ಲಿ ತಟ್ಟೆಗೆ ಹಾಕಲು ಮಾತ್ರ ಸ್ವಲ್ಪ ಹೊತ್ತು ಕೊಡುತ್ತಾರೆ ಅಂತ ಬರೆದಿದ್ದೀಯಲ್ಲ. ಹಾಗಾದರೆ ಸಾಲಿನಲ್ಲಿ ಕಾದು ಕಾದು ಎಲ್ಲರ ಅಡುಗೆಯೂ ಆರಿ ತಣ್ಣಗಾಗಿರುತ್ತದೆ. ಬಿಸಿಯಾಗಿ ತಿನ್ನಬೇಕಾದದ್ದನ್ನು ತಂದವರಿಗೆ ಅದು ಕಷ್ಟ. ತಂಬುಳಿ ತಣ್ಣಗೆ ಉಣ್ಣುವ ವಸ್ತು, ನಿನಗೆ ಅದೇ ಒಳ್ಳೆಯದಲ್ವಾ? ಎಲೆಯನ್ನು ತುಪ್ಪದಲ್ಲಿ ಬಾಡಿಸುವಾಗ ಮೆತ್ತಗಾದ ಕೂಡಲೇ ಇಳಿಸು, ಕಪ್ಪಾದರೆ ಕಹಿ ಏರುತ್ತದೆ. ಜೀರಿಗೆ, ಕಾಳುಮೆಣಸು ಅದರ ಜೊತೆಯಲ್ಲೇ ಹುರಿದು ಕಾಯಿತುರಿಯೊಂದಿಗೆ ಅರೆದುಬಿಡು. ಮಿಕ್ಸಿಯನ್ನು ಒಂದೇ ಸಮನೆ ಓಡಿಸಬೇಡ, ಬಿಸಿಯಾಗಿ ಕಾಯಿ ಎಣ್ಣೆ ಬಿಡುತ್ತದೆ. ತಣ್ಣೀರು ಹಾಕಿ ಬಿಟ್ಟು ಬಿಟ್ಟು ತಿರುಗಿಸು. ಅರೆದದ್ದು ಒಂದು ಡಬ್ಬಿ, ಕಡೆದ ಮೊಸರು ಒಂದು ಡಬ್ಬಿ. ಎರಡನ್ನೂ ಅಲ್ಲೇ ಬೆರೆಸು, ಮೊದಲೇ ಬೆರೆಸಿದರೆ ಹುಳಿಯಾಗುತ್ತದೆ, ಬಣ್ಣವೂ ಮಂಕಾಗುತ್ತದೆ. ಮೇಲಿಂದ ತುಪ್ಪದ ಒಗ್ಗರಣೆ ಬೇಡ. ಎಸಿಯ ಚಳಿಗೆ ತುಪ್ಪ ಹೆಪ್ಪುಗಟ್ಟಿ ನಾಲಿಗೆಗೆ ಅಂಟುತ್ತದೆ.

ನಿನಗೆ ಅಡುಗೆ ಹೇಳಿಕೊಡಲು ನಾನ್ಯಾರು? ನೀನು ಅಜ್ಜಿಯ ಪಕ್ಕ ಕೂತು ಕಲಿತವಳು. ಬೇಡವೆನಿಸಿದ್ದನ್ನು ಬಿಟ್ಟುಬಿಡು. ಹೋಟೆಲಿನವನ ಕೈ, ಏನಾದರೂ ಹೇಳದೆ ಇರಲಾಗುವುದಿಲ್ಲ.

ಜಡ್ಜ್‌ಗಳ ಮುಖದ ಬಗ್ಗೆ ಒಂದು ಮಾತು. ಟಿವಿಯಲ್ಲಿ ಅವರು ಚಮಚ ಬಾಯಿಗಿಟ್ಟು ಸುಮ್ಮನಾಗುತ್ತಾರೆ, ಡಂ ಡಂ ಅಂತ ಸಂಗೀತ ಬರುತ್ತದೆ, ನಮಗೆ ಎದೆ ಹೊಡೆದುಕೊಳ್ಳುತ್ತದೆ. ದಿನವಿಡೀ ತೆಗೆದದ್ದನ್ನು ಕತ್ತರಿಸಿ ಜೋಡಿಸಿ ನಮಗೆ ತೋರಿಸುವುದು. ಆ ಮೌನ ನಿಜಕ್ಕೂ ಎಷ್ಟು ಉದ್ದ ಇತ್ತೋ. ಧಣಿಯ ಮುಖ ನೋಡಿ ನೋಡಿ ನಾನು ಕೆಟ್ಟೆ, ಅದಕ್ಕೇ ಹೇಳುತ್ತೇನೆ, ನೀನು ಅವರ ಮುಖ ನೋಡಬೇಡ, ಮಾತು ಕೇಳು. ಜಡ್ಜ್ ಆಗಿ ಬಂದ ಶೆಫ್ ರಣವೀರ್ ಬ್ರಾರ್ ಲಖನೌದಲ್ಲಿ ಕಬಾಬ್ ಉಸ್ತಾದರ ಹತ್ತಿರ ಮಸಾಲೆ ಅರೆದು ಕಲಿತವರು. ಅಂಥವರು ‘ಉಪ್ಪು ಸಾಲದು’ ಅಂದರೆ ಅದು ಆ ತಟ್ಟೆಯ ಉಪ್ಪಿನ ಮಾತು, ಅಷ್ಟೇ. ಮುಂದಿನ ಸಲ ಒಂದು ಚಿಟಿಕೆ ಜಾಸ್ತಿ ಹಾಕಿದರಾಯಿತು. ನನ್ನ ಧಣಿ ಉಪ್ಪಿನ ಮಾತು ಆಡಲಿಲ್ಲ, ಹುಳಿಯ ಮಾತೂ ಆಡಲಿಲ್ಲ. ನಾಯಿಯೂ ಮೂಸುವುದಿಲ್ಲ ಅನ್ನುವಂಥ ಮಾತು ಯಾರಾದರೂ ಆಡಿದರೆ ಅದನ್ನು ಮನೆಯವರೆಗೆ ಹೊತ್ತು ತರಬೇಡ. ಬರೆಯುವುದು ಸುಲಭ, ಗೊತ್ತು. ಹೊತ್ತು ತಂದರೂ ನನಗೆ ಹೇಳು. ಬಚ್ಚಿಟ್ಟುಕೊಳ್ಳಬೇಡ. ನಾನು ಬಚ್ಚಿಟ್ಟದ್ದೇ ದೊಡ್ಡ ಗಾಯವಾಯಿತು ಅಂತ ಈಗ ಅನ್ನಿಸುತ್ತದೆ.

ಇನ್ನೊಂದು ಕೇಳಿಕೊಳ್ಳುತ್ತೇನೆ. ನಡೆಸಿಕೊಡಬೇಕು.

ಆಡಿಷನ್‌ನ ಹಿಂದಿನ ದಿನವೇ ಬಾ. ಪುಣೆಯಿಂದ ಬೆಳಿಗ್ಗೆ 7.15ರ ಡೆಕ್ಕನ್ ಕ್ವೀನ್ ಹಿಡಿ, ದಾದರಿನಲ್ಲಿ ಇಳಿ, ನಾನು ಸ್ಟೇಷನ್ನಿಗೆ ಬರುತ್ತೇನೆ. ಒಂದೆಲಗ ಅಲ್ಲಿಂದ ಹೊತ್ತು ತರಬೇಡ, ಬಾಡಿಹೋಗುತ್ತದೆ. ಮಾಟುಂಗಾ ಮಾರ್ಕೆಟ್ಟಿನಲ್ಲಿ ನಮ್ಮ ಕಡೆಯ ಸೊಪ್ಪು ಮಾರುವವರಿದ್ದಾರೆ, ಹೇಳಿಟ್ಟು ತರಿಸುತ್ತೇನೆ. ಮಾರನೇ ದಿನ ಇಲ್ಲಿಂದಲೇ ಮಾಡಿಕೊಂಡು ಹೋಗು.

ಮುಗಿಸಿಕೊಂಡು ನೇರ ಇಲ್ಲಿಗೆ ಬಾ. ಆಯ್ಕೆಯಾಗಲಿ, ಆಗದಿರಲಿ, ಅಳುತ್ತಲೇ ಬಂದರೂ ಸರಿ, ಅದೇ ಸಂಜೆ ನನ್ನ ಒಲೆ ಹಚ್ಚಿ ರಾತ್ರಿಯ ಅಡುಗೆ ನೀನು ಮಾಡಬೇಕು. ಏನೂ ದೊಡ್ಡದು ಬೇಡ. ಅನ್ನ, ಸಾರು, ಒಂದು ಹಪ್ಪಳ ಸುಟ್ಟರೂ ಸಾಕು. ಆ ಮಧ್ಯಾಹ್ನ ಮೋರಿ ತೊಳೆದ ಮೇಲೆ ನನಗೂ ಯಾರಾದರೂ ‘ಇವತ್ತು ನನಗೊಂದು ತುತ್ತು ಮಾಡಿಹಾಕು’ ಅಂದಿದ್ದರೆ ಅಂತ ಈ ವಯಸ್ಸಿನಲ್ಲಿ ಅನ್ನಿಸುತ್ತಿದೆ. ನಾಳೆ ನೋಡೋಣ ಅಂತ ಬಿಟ್ಟರೆ ನಾಳೆ ಇನ್ನೂ ಕಷ್ಟ. ಮನಸ್ಸು ಬರುತ್ತಾ ಅಂತ ಕೇಳಿದ್ದೀಯಲ್ಲ, ಅದು ಬರಲಿ ಅಂತ ಕಾಯಬೇಡ. ಮನಸ್ಸಿಲ್ಲದಿದ್ದರೂ ಕುಕ್ಕರ್ ಇಡು. ಉಪ್ಪು ಹೆಚ್ಚಾದರೂ ನಾನು ಉಣ್ಣುತ್ತೇನೆ.

ನೀನು ಒಪ್ಪಿದರೆ ನಾನು ಹುರುಳಿ ಸಾರು ಮಾಡುತ್ತೇನೆ, ನೀನು ಅನ್ನ ಮಾಡು. ಮನೆಯವರು ಅಂತ ಒಬ್ಬರಿಗೂ ಅದನ್ನು ಬಡಿಸಿಲ್ಲ ನಾನು.

ಹುರುಳಿ ರಾತ್ರಿಯೇ ನೆನೆಹಾಕಬೇಕು. ಬರುವ ದಿನ ಗೊತ್ತಾದ ಕೂಡಲೇ ಫೋನ್ ಮಾಡು. ಬರುವಾಗ ಚಹಾಕ್ಕೆ ಹಾಲು ತರುವ ಗೋಜು ಬೇಡ, ಕೆಳಗಿನ ಅಂಗಡಿಯಲ್ಲೇ ಸಿಗುತ್ತದೆ.

ನಿನ್ನ ಮಾವ