ನಿನ್ನ ಸೂಪರ್‌ಹೀರೋನ ಅದೃಷ್ಟ ಸ್ವಲ್ಪ ಜಾಸ್ತಿಯಾಯಿತು

ಪ್ರೀತಿಯ ಗೆಳೆಯ,

ಅದೃಷ್ಟವೇ ಶಕ್ತಿಯಾಗಿರುವ ಸೂಪರ್‌ಹೀರೋ ಬಗ್ಗೆ ನೀನು ಬರೆದ ಕಥೆ ಓದಿದೆ. ಹಾರಲು ಹೊರಟ ನಿನ್ನ ಸೂಪರ್‌ಹೀರೋ ಮೂರನೇ ಮಹಡಿಯಿಂದ ಜಾರಿ ನೇರ ಕಳ್ಳನ ಮೇಲೆ ಬೀಳುವ ಕಡೆ ಜೋರಾಗಿ ನಕ್ಕೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಹಾಗೆ. ಆದರೆ ಐದನೇ ಸಲವೂ ಟೊಂಗೆ ಮುರಿದಾಗ ಆಕಳಿಕೆ ಬಂತು. ಕೋಪ ಮಾಡಿಕೊಳ್ಳಬೇಡ.

ಡಿಸ್ನಿ ಕಾಮಿಕ್ಸ್ ಚಿತ್ರಕಾರ ಕಾರ್ಲ್ ಬಾರ್ಕ್ಸ್ 1948ರಲ್ಲಿ ಡೊನಾಲ್ಡ್ ಡಕ್‌ಗೆ ಗ್ಲ್ಯಾಡ್‌ಸ್ಟೋನ್ ಎಂಬ ನೆಂಟನನ್ನು ಸೃಷ್ಟಿಸಿದರು. ಮುಂದೆ ಅದೃಷ್ಟವೇ ಅವನ ಗುರುತಾಯಿತು. ಕೆಲಸ ಮಾಡುವುದಿಲ್ಲ, ಆದರೂ ದುಡ್ಡು ಅವನ ಕಾಲಿಗೇ ತೊಡರುತ್ತದೆ. ನಮ್ಮ ಮನಸ್ಸು ಹೋಗುವುದು ಮಾತ್ರ ಸೋಲುವ ಡೊನಾಲ್ಡ್ ಕಡೆಗೆ. ಸದಾ ಗೆಲ್ಲುವವನನ್ನು ಕಂಡು ಹೊಟ್ಟೆ ಉರಿಯುತ್ತದೆ, ಅಷ್ಟೆ. 1985ರಲ್ಲಿ ಬಂದ ಮಾರ್ವೆಲ್ ಕಾಮಿಕ್ಸ್‌ನ ಲಾಂಗ್‌ಶಾಟ್ ಎಂಬ ಹೀರೋಗೂ ಅದೃಷ್ಟವೇ ಶಕ್ತಿ, ಆದರೆ ಅದಕ್ಕೆ ಒಂದು ಷರತ್ತಿತ್ತು: ಸ್ವಾರ್ಥಕ್ಕೆ ಬಳಸಿದರೆ ಅದೃಷ್ಟ ಕೈಕೊಡುತ್ತದೆ. ನಿನ್ನವನಿಗೂ ಇಂಥದ್ದೊಂದು ಹುಡುಕು.

ಅದೃಷ್ಟ ಅವನನ್ನು ತೊಂದರೆಗೆ ಸಿಕ್ಕಿಸಿದರೆ ಓದುಗರು ನಂಬುತ್ತಾರೆ. ತೊಂದರೆಯಿಂದ ಪಾರು ಮಾಡಿದರೆ ಮುನಿಸಿಕೊಳ್ಳುತ್ತಾರೆ. ನಾನೂ ಒಮ್ಮೆ ಕೊನೆಯ ಪುಟದಲ್ಲಿ ಖಳನ ಬಂದೂಕು ಕೆಟ್ಟುಹೋಗುವಂತೆ ಮಾಡಿದ್ದೆ. 'ಕೆಟ್ಟಿದ್ದು ಬಂದೂಕಲ್ಲ ಸ್ವಾಮಿ' ಎಂದು ಓದುಗರೊಬ್ಬರು ಕಾಗದ ಬರೆದರು.

ಅದೃಷ್ಟ ಎಂದರೆ ಕಾಣದ್ದು. ಪದದಲ್ಲೇ ಇದೆ, ಅಲ್ವಾ? ಇವತ್ತು ತನ್ನ ಶಕ್ತಿ ಇದೆಯೋ ಇಲ್ಲವೋ ಅವನಿಗೇ ಗೊತ್ತಿಲ್ಲ. ನಗು ಇರುವುದು ಅಲ್ಲಿ. ನೀನೋ, ಅವನು ಬಿದ್ದ ಮೇಲಿನ ಗದ್ದಲವನ್ನೇ ಪುಟಗಟ್ಟಲೆ ಬರೆದಿದ್ದೀಯ. ಬೀಳುವ ಮೊದಲು ಅವನ ತಲೆಯಲ್ಲಿ ನಡೆಯುವ ಲೆಕ್ಕವನ್ನು ಬರೆ. 1913ರಲ್ಲಿ ಮಾಂಟೆ ಕಾರ್ಲೋದ ಜೂಜುಕಟ್ಟೆಯಲ್ಲಿ, ಕೆಂಪು-ಕಪ್ಪು ಮನೆಗಳಿರುವ ರೂಲೆಟ್ ಚಕ್ರದ ಗೋಲಿ ಸತತ 26 ಸಲ ಕಪ್ಪಿನ ಮೇಲೇ ನಿಂತಿತು. 'ಈ ಸಲ ಕೆಂಪು ಗ್ಯಾರಂಟಿ' ಎಂದು ಜನ ದುಡ್ಡು ಸುರಿದು ಕೈ ಸುಟ್ಟುಕೊಂಡರು. ಹಿಂದೆ ಏನು ಬಿದ್ದಿತ್ತೆಂದು ಗೋಲಿಗೇನು ನೆನಪಿರುತ್ತದೆಯೇ? ನಿನ್ನ ಹೀರೋ ಕೂಡ ಅದೇ ಜಾತಿ. 'ಬೆಳಗಿನಿಂದ ಮೂರು ಸಲ ಎಡವಿದ್ದೇನೆ, ಕೆಟ್ಟದ್ದೆಲ್ಲ ಮುಗಿಯಿತು, ಈಗ ಹಾರಿಯೇ ಹಾರುತ್ತೇನೆ' ಎಂದು ಗಂಭೀರವಾಗಿ ಬೆರಳು ಮಡಚಿ ಎಣಿಸಲಿ. ಅವನು ನಗಬಾರದು. ಅವನಿಗೆ ಅದು ಗಣಿತ.

ಏಳನೇ ಪುಟದಲ್ಲಿ ಒಂದು ಒಳ್ಳೆಯ ಜಾಗವಿದೆ, ಸುಮ್ನೆ ದಾಟಿಬಿಟ್ಟಿದ್ದೀಯ. ಎದುರಿನ ಮನೆಗೆ ಬೆಂಕಿ ಬಿದ್ದಿದೆ, ಒಳಗೆ ಮಗು ಅಳುತ್ತಿದೆ. ಹಾರಲೋ ಬೇಡವೋ ಎಂದು ಇವನು ಕಿಟಕಿಯಲ್ಲಿ ನಿಂತು ನಾಣ್ಯ ಚಿಮ್ಮುತ್ತಾನೆ. ನಾಣ್ಯ ಕೈತಪ್ಪಿ ಬೀದಿಗೆ ಬೀಳುತ್ತದೆ. ಮರುಸಾಲಿನಲ್ಲೇ ಮಳೆ ಸುರಿಸಿ ಬೆಂಕಿ ಆರಿಸಿದ್ದೀಯಲ್ಲ, ಆ ಮಳೆ ತೆಗೆದುಹಾಕು. ನಾಣ್ಯ ಯಾವ ಮುಖ ಮೇಲಾಗಿ ಬಿತ್ತೆಂದು ಗೊತ್ತಿಲ್ಲದೆ ಅವನು ಹಾರಬೇಕು.

ಆ ಪುಟವನ್ನು ಮತ್ತೆ ಬರೆದು ಕಳಿಸು. ಅವನ ಅಂಗಿಯ ಮೇಲೆ ಉಲ್ಟಾ ಹೊಲಿದ ದಾಳದ ಚಿತ್ರ ಮಾತ್ರ ಹಾಗೇ ಇರಲಿ.

ನಿನ್ನವ