ಎಂಜಿನ್ ಲೈಟ್ ಹತ್ತಿದೆ ಅಂದ ಮಗಳಿಗೆ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿಯೇ ಗಾಬರಿಯಾಗಿದ್ದೀಯ ಅಂತ ಗೊತ್ತಾಯಿತು. ಚೆಕ್ ಎಂಜಿನ್ ಲೈಟ್ ಹತ್ತಿದೆ, ಸ್ಕ್ಯಾನರ್ ಹಾಕಿದರೆ ಪಿ0420 ಅಂತ ಕೋಡ್ ಬಂದಿದೆ, ಎಂಜಿನ್ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಬದಲಾಯಿಸಬೇಕು ಅಂತ ಗ್ಯಾರೇಜಿನವರು ಅಂದಿದ್ದಾರೆ. ನಾಳೆಯೇ ಗಾಡಿ ಬಿಟ್ಟು ಬರಬೇಡ. ಸ್ವಲ್ಪ ತಡೆ.

ಮೊದಲು ಲೈಟ್ ಹೇಗೆ ಉರಿಯುತ್ತಿದೆ ಅಂತ ನೋಡು. ಮಿಟುಕದೆ ಒಂದೇ ಸಮನೆ ಉರಿಯುತ್ತಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದರೆ ನಿನಗೆ ಯೋಚಿಸಲು ಸಮಯವಿದೆ. ಮಿಟುಕುತ್ತಿದ್ದರೆ ಮಾತ್ರ ಕಥೆ ಬೇರೆ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಹಾಗೇ ಹೊರಗೆ ಹೋಗುತ್ತಿದೆ ಅಂತ ಅರ್ಥ. ಆ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿದರೆ ಒಳಗಿನ ಜಾಲರಿಯೇ ಕರಗಿಬಿಡಬಹುದು. ಆಗ ವೇಗ ಇಳಿಸಿ, ಸುರಕ್ಷಿತವಾದ ಕಡೆ ನಿಲ್ಲಿಸಿ, ಗಾಡಿಯನ್ನು ಎಳೆಸಿಕೊಂಡು ಹೋಗುವುದೇ ಸರಿ. ಕೆಂಪು ಆಯಿಲ್ ಲೈಟ್ ಹತ್ತಿದರೆ, ಇಲ್ಲವೇ ಟೆಂಪರೇಚರ್ ಮುಳ್ಳು ಮೇಲೇರಿದರೆ ಯೋಚನೆಯೇ ಬೇಡ, ತಕ್ಷಣ ನಿಲ್ಲಿಸಿ ಎಂಜಿನ್ ಆಫ್ ಮಾಡು.

ಈಗ ಆ ಕೋಡಿನ ವಿಷಯ. ಕೋಡ್ ಅನ್ನುವುದು ಗಾಡಿಯ ಕಂಪ್ಯೂಟರ್ ಕೊಡುವ ದೂರು, ಅಷ್ಟೇ. ಯಾವ ಪಾರ್ಟ್ ಹಾಳಾಗಿದೆ ಅಂತ ಅದು ಹೇಳುವುದಿಲ್ಲ. ಪಿ0420 ಹೇಳುವುದು ಇಷ್ಟು: ಕನ್ವರ್ಟರ್ ಹೊಗೆಯನ್ನು ಸಾಕಷ್ಟು ಶುದ್ಧ ಮಾಡುತ್ತಿಲ್ಲ ಅಂತ ನನಗೆ ಕಾಣುತ್ತಿದೆ. 'ಕಾಣುತ್ತಿದೆ' ಅನ್ನುವುದನ್ನು ಗಮನಿಸು. ಕಂಪ್ಯೂಟರಿಗೆ ಅದು ಕಾಣುವುದು ಹೊಗೆಯಲ್ಲಿನ ಆಕ್ಸಿಜನ್ ಗುರುತಿಸುವ ಆಕ್ಸಿಜನ್ ಸೆನ್ಸರುಗಳ ಮೂಲಕ. ಕನ್ವರ್ಟರಿನ ಮುಂದೊಂದು, ಹಿಂದೊಂದು ಇರುತ್ತವೆ. ಸಾಮಾನ್ಯ ಸೆನ್ಸರುಗಳಾದರೆ ಮುಂದಿನದರ ವೋಲ್ಟೇಜ್ 0.1ರಿಂದ 0.9ರವರೆಗೆ ಸದಾ ಏರಿಳಿಯುತ್ತಿರುತ್ತದೆ. ಹಿಂದಿನದು ಹೆಚ್ಚು ಕಡಿಮೆ ಒಂದೇ ಕಡೆ ನಿಂತಿರಬೇಕು. ಅದೂ ಮುಂದಿನದರ ಹಾಗೇ ಕುಣಿಯತೊಡಗಿದರೆ ಕಂಪ್ಯೂಟರ್ ಲೈಟ್ ಹಚ್ಚುತ್ತದೆ.

ಆದರೆ ಪೈಪಿನಲ್ಲಿ ಎಲ್ಲೋ ಬಿರುಕು ಬಿಟ್ಟು ಹೊರಗಿನ ಗಾಳಿ ಒಳಗೆ ಸೇರಿದರೂ ಸೆನ್ಸರ್ ಮೋಸಹೋಗುತ್ತದೆ. ಸೆನ್ಸರೇ ಹಳತಾಗಿರಬಹುದು. ಕನ್ವರ್ಟರ್ ನಿಜವಾಗಿಯೂ ಕೆಟ್ಟಿದ್ದರೂ ಅದು ಯಾಕೆ ಕೆಟ್ಟಿತು ಅಂತ ಕೇಳಲೇಬೇಕು. ಎಂಜಿನ್ ಆಯಿಲ್ ಸುಡುತ್ತಿದ್ದರೆ, ಇಲ್ಲವೇ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದ್ದರೆ, ಹೊಸದನ್ನು ಹಾಕಿದರೆ ಅದೂ ಹಾಳಾಗುತ್ತದೆ. ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ದುಬಾರಿ ಲೋಹಗಳು ಇರುತ್ತವೆ ಕಣೇ. ಸುಮ್ನೆ ಬದಲಾಯಿಸಿ ನೋಡೋಣ ಅನ್ನುವಂಥ ಪಾರ್ಟ್ ಅಲ್ಲ ಅದು.

ಹಾಗಾಗಿ ಗ್ಯಾರೇಜಿನಲ್ಲಿ ಒಂದೇ ಪ್ರಶ್ನೆ ಕೇಳು: 'ಇದೇ ಕೆಟ್ಟಿದೆ ಅಂತ ಹೇಗೆ ಖಚಿತ ಮಾಡಿಕೊಂಡಿರಿ?' ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಲೀಕ್ ನೋಡಿದೆ, ಸೆನ್ಸರಿನ ಗ್ರಾಫ್ ನೋಡಿದೆ, ಇಂಥದ್ದು ಕಂಡಿತು ಅಂತ ಹೇಳುತ್ತಾರೆ. 'ಕೋಡೇ ಹೇಳುತ್ತಲ್ಲ ಮೇಡಂ' ಅಂದರೆ ಅವರು ಏನನ್ನೂ ಪರೀಕ್ಷೆ ಮಾಡಿಲ್ಲ ಅಂತಲೇ ತಿಳಿ. ಪರೀಕ್ಷೆಗೆ ದುಡ್ಡು ಕೇಳಿದರೆ ಖುಷಿಯಿಂದ ಕೊಡು. ಅದು ಅವರ ಸಮಯ, ಅವರ ತಿಳಿವಳಿಕೆ. ಊಹೆ ಮಾಡಿ ಹಾಕುವ ಪಾರ್ಟಿಗೆ ಮಾತ್ರ ಕೊಡಬೇಡ.

ಪರೀಕ್ಷೆ ಅಂದರೆ ಎಷ್ಟು ಸರಳವಾಗಿರಬಹುದು ಗೊತ್ತಾ? ಪಿ0301 ಅಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಪ್ಲಗ್ಗಿಗೆ ಕಿಡಿ ಹೊತ್ತಿಸಲು ವಿದ್ಯುತ್ ಕೊಡುವ ಕಾಯಿಲ್ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಇರುವ ಎಂಜಿನ್ನಿನಲ್ಲಿ, ಒಂದನೇ ಸಿಲಿಂಡರಿನ ಕಾಯಿಲನ್ನು ಮೂರನೇ ಸಿಲಿಂಡರಿಗೆ ಹಾಕಿ, ಅಲ್ಲಿನದನ್ನು ಇಲ್ಲಿಗೆ ತಂದು ಓಡಿಸಿ ನೋಡುತ್ತಾರೆ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲೇ ಕೆಟ್ಟಿದೆ. ಬದಲಾಗದಿದ್ದರೆ ತೊಂದರೆ ಪ್ಲಗ್, ಇಂಜೆಕ್ಟರ್ ಅಥವಾ ಬೇರೆಲ್ಲೋ ಇದೆ. ಒಂದು ಪಾರ್ಟನ್ನೂ ಕೊಳ್ಳದೆ ಇಷ್ಟು ಗೊತ್ತಾಗುತ್ತದೆ. ಕೆಲವು ಕಾರುಗಳಲ್ಲಂತೂ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾಗಿದ್ದರೂ ಈ ಲೈಟ್ ಹತ್ತುತ್ತದೆ. ಬಿಗಿ ಮಾಡಿ ಕೆಲವು ದಿನ ಓಡಿಸಿದರೆ ತಾನಾಗಿಯೇ ಆರುತ್ತದೆ.

ಇನ್ನೊಂದು ಮುಖ್ಯ ಮಾತು. ಯಾರಾದರೂ 'ಲೈಟ್ ಆರಿಸಿಕೊಡ್ತೀನಿ' ಅಂದರೆ ತಕ್ಷಣ ಒಪ್ಪಬೇಡ. ಕೋಡ್ ಬಂದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗದಲ್ಲಿತ್ತು ಅಂತೆಲ್ಲ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ, ಮುಂದೆ ನೋಡುವವರಿಗೆ ಸುಳಿವೇ ಸಿಗುವುದಿಲ್ಲ. ಮೊದಲು ಎಲ್ಲದರ ಫೋಟೊ ತೆಗೆದುಕೋ.

ಇನ್ನೊಂದು ಗ್ಯಾರೇಜಿಗೂ ತೋರಿಸು. ಸ್ಕ್ಯಾನರ್ ಸಿಕ್ಕಿಸುವ, ಸ್ಟೀರಿಂಗ್ ಕೆಳಗಿನ ಆ 16 ಪಿನ್ನಿನ ಸಾಕೆಟ್ ಈಗಿನ ಪೆಟ್ರೋಲ್ ಕಾರುಗಳಲ್ಲೆಲ್ಲ ಒಂದೇ ತರಹ ಇರುತ್ತದೆ. ಇಂಥ ಕೋಡುಗಳನ್ನು ಆ ಸಾಕೆಟ್ಟಿಗೆ ಹಾಕುವ ಯಾವ ಒಬಿಡಿ ಸ್ಕ್ಯಾನರ್ ಬೇಕಾದರೂ ಓದುತ್ತದೆ. ಹಾಗಂತ ತಿಂಗಳುಗಟ್ಟಲೆ ಹಾಗೇ ಓಡಿಸಬೇಡ. ಲೈಟ್ ಮೊದಲೇ ಹತ್ತಿದ್ದರೆ ಹೊಸ ತೊಂದರೆ ಬಂದದ್ದೇ ಗೊತ್ತಾಗುವುದಿಲ್ಲ, ಅಲ್ವಾ?

ಕೊನೆಗೆ ಬದಲಾಯಿಸಲೇಬೇಕು ಅಂತಾದರೆ ಖರ್ಚು ಎಷ್ಟು ಅಂತ ಮೊದಲೇ ಬರೆಸಿಕೋ, ವಾರಂಟಿ ಉಳಿದಿದೆಯಾ ನೋಡು, ಬಿಚ್ಚಿದ ಹಳೆಯ ಪಾರ್ಟನ್ನು ತೋರಿಸಿ ಅಂತ ಕೇಳು. ಎರಡೂ ಸೆನ್ಸರುಗಳ ಗ್ರಾಫಿನ ಫೋಟೊ ನನಗೆ ಕಳಿಸು. ನೋಡಿ ರಾತ್ರಿ ಫೋನ್ ಮಾಡುತ್ತೇನೆ.

ನಿನ್ನ,
ಅಮ್ಮ