008ರ ಭಾಷಾ ಸಂಕೇತವನ್ನು ಗಮನಿಸಿ

ಕನ್ನಡ ಪುಸ್ತಕಗಳ ಸೂಚಿ ತಯಾರಿಸುತ್ತಿರುವ ಗೆಳೆಯರೇ, ಮಾರ್ಕ್ 21ರ (ಗ್ರಂಥಾಲಯದ ದಾಖಲೆಗಳನ್ನು ಗಣಕಯಂತ್ರ ಓದುವಂತೆ ಬರೆಯುವ ಮಾದರಿ) 008 ಕ್ಷೇತ್ರವನ್ನು, ಅಂದರೆ ಭಾಷೆ ಮುಂತಾದ ವಿವರಗಳನ್ನು ಸಂಕೇತಗಳಲ್ಲಿ ತುಂಬುವ ಸಾಲನ್ನು, ದಯವಿಟ್ಟು ನೋಡದೆ ದಾಟಿ ಹೋಗಬೇಡಿ. ನಿನ್ನೆ ಒಂದು ಕವನ ಸಂಕಲನದ ದಾಖಲೆ ತೆರೆದೆ. ಶೀರ್ಷಿಕೆ, ಕವಿಯ ಹೆಸರು, ಪುಟಸಂಖ್ಯೆ ಎಲ್ಲವೂ ಅಚ್ಚುಕಟ್ಟು. ಆದರೆ 35ರಿಂದ 37ರವರೆಗಿನ ಸ್ಥಾನಗಳಲ್ಲಿ ಇಂಗ್ಲಿಷಿನ ಸಂಕೇತ! ಭಾಷೆ ಕನ್ನಡ ಎಂದು ಆರಿಸಿ ಹುಡುಕುವ ಓದುಗರಿಗೆ ಆ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದಂತೆ. ಅಲ್ಲಿ ಕನ್ನಡದ ಸಂಕೇತವಾದ ‘ಕೆ ಎ ಎನ್’ (kan) ಎಂಬ ಮೂರು ಇಂಗ್ಲಿಷ್ ಸಣ್ಣಕ್ಷರಗಳಿರಬೇಕು. ಕವಿತೆಯಾದರೆ ಸಾಹಿತ್ಯ ಪ್ರಕಾರ ಸೂಚಿಸುವ 33ನೇ ಸ್ಥಾನದಲ್ಲಿ ಸೊನ್ನೆಯಲ್ಲ, ‘ಪಿ’ (p). ಸ್ಥಾನಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಮರೆಯಬೇಡಿ. ಅನುವಾದವಾದರೆ ಭಾಷೆಗಳನ್ನು ನಮೂದಿಸುವ 041 ಕ್ಷೇತ್ರದಲ್ಲಿ ಮೂಲಭಾಷೆಯೂ ಬರಲಿ. ಆ ಕ್ಷೇತ್ರದ ಮೊದಲ ಸೂಚಕ (ಆರಂಭದಲ್ಲಿ ಬರುವ ಒಂದಂಕಿಯ ಗುರುತು) 1, ಅಂದರೆ ಅನುವಾದ. ಹಳೆಯ ದಾಖಲೆಗಳನ್ನು ಈ ವಾರ ನಾನೇ ತಿದ್ದುತ್ತಿದ್ದೇನೆ. ಹೊಸದನ್ನು ಸೇರಿಸುವವರು ಉಳಿಸುವ ಮುನ್ನ ಒಮ್ಮೆ ಪರಿಶೀಲಿಸಿ.